ಜೀನ್ ನೋಡಿ ಶುಗರ್ ಯಾವ ಟೈಪ್ ಅಂತ ಹೇಳಬಹುದಾ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನ ವಿಷಯಕ್ಕೆ ಬರೆಯುತ್ತಿದ್ದೇನೆ. ಅವನಿಗೆ 34 ವರ್ಷ. ಕೊಡಗಿನ ಪೊನ್ನಂಪೇಟೆ ಕಡೆ ನಮ್ಮ ಕಾಫಿ ತೋಟ ನೋಡಿಕೊಂಡಿದ್ದಾನೆ. ಮೊದಲಿಂದಲೂ ತೆಳ್ಳಗಿನ ಆಳು. ಕಳೆದ ಪುತ್ತರಿ ಹಬ್ಬದ ಹೊತ್ತಿಗೆ ವಿಪರೀತ ಬಾಯಾರಿಕೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಇರುವುದು ಗೊತ್ತಾಯಿತು. ಅಪ್ಪನಿಗೂ ಅಜ್ಜಿಗೂ ವಯಸ್ಸಾದ ಮೇಲೆ ಶುಗರ್ ಬಂದಿತ್ತು. ಹಾಗಾಗಿ ಟೈಪ್ 2 ಅಂತ ಹೇಳಿ ಮಾತ್ರೆ ಕೊಟ್ಟರು. ಹತ್ತು ತಿಂಗಳಾಯಿತು. ಎರಡು ಥರದ ಮಾತ್ರೆ ತಗೊಂಡರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 10.2 ಇದೆ. ತೂಕ 66 ಕಿಲೋದಿಂದ 57ಕ್ಕೆ ಇಳಿದಿದೆ. ಮೈಸೂರಿನ ಇನ್ನೊಬ್ಬ ಡಾಕ್ಟರು ಗ್ಯಾಡ್ ಅನ್ನೋ ಪರೀಕ್ಷೆ ಮಾಡಿಸಿ, 'ಸ್ವಲ್ಪ ಪಾಸಿಟಿವ್ ಇದೆ, ಟೈಪ್ 1 ಇರಬಹುದು' ಅಂದರು. ಊರಿನ ಡಾಕ್ಟರು ಒಪ್ಪುತ್ತಿಲ್ಲ. ಎಂಜಲು ಕಳಿಸಿದರೆ ಜೀನ್ ನೋಡಿ ಯಾವ ಟೈಪ್ ಅಂತ ಹೇಳುತ್ತಾರೆ ಎಂದು ತಮ್ಮ ಮೊಬೈಲಲ್ಲಿ ನೋಡಿದ್ದಾನೆ. ಮಾಡಿಸಬಹುದಾ? ಅವನ ಮಗಳಿಗೆ ಆರು ವರ್ಷ, ಅವಳಿಗೂ ಬರುತ್ತಾ? ಅಮ್ಮನದೂ ಒಂದು ಪ್ರಶ್ನೆ ಇದೆ: ಕಾಫಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಟ್ಟರೆ ಆಗುತ್ತಾ?

ಉತ್ತರ: ಜೀನ್ ವಿಷಯ ಆಮೇಲೆ ಮಾತಾಡೋಣ. ಮೊದಲು ಈ ವಾರ ಆಗಬೇಕಾದ ಕೆಲಸ ಹೇಳುತ್ತೇನೆ.

ತೆಳ್ಳಗಿನ ಮನುಷ್ಯ ಮಾತ್ರೆ ನುಂಗುತ್ತಲೇ ಒಂಬತ್ತು ಕಿಲೋ ಇಳಿದಿದ್ದಾನೆ, ಎಚ್‌ಬಿಎ1ಸಿ ಹತ್ತರ ಮೇಲಿದೆ. ಇದರ ಅರ್ಥ ಒಂದೇ: ಅವನ ಮೈಗೆ ಇನ್ಸುಲಿನ್ ಸಾಲುತ್ತಿಲ್ಲ. ಟೈಪ್ 1ರಲ್ಲಿ ಮೈ ಇನ್ಸುಲಿನ್ ತಯಾರಿಸುವುದೇ ನಿಲ್ಲುತ್ತಾ ಬರುತ್ತದೆ, ಟೈಪ್ 2ರಲ್ಲಿ ತಯಾರಾದ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಟೈಪ್ ಯಾವುದೇ ಇರಲಿ, ಅವನಿಗೆ ಈಗ ಇನ್ಸುಲಿನ್ ಬೇಕು. ಹೆಸರು ಗೊತ್ತಾಗುವವರೆಗೆ ಕಾಯುವುದು ಬೇಡ. ಡಾಕ್ಟರಿಬ್ಬರ ಜಗಳ ಮುಗಿಯುವವರೆಗೂ ಬೇಡ.

ಇನ್ನೊಂದು. ಆ ಎರಡು ಮಾತ್ರೆಗಳ ಹಾಳೆ ತಿರುಗಿಸಿ ನೋಡಿ. ಔಷಧದ ಹೆಸರು 'ಗ್ಲಿಫ್ಲೋಜಿನ್' ಅಂತ ಮುಗಿಯುತ್ತದೆಯಾ? ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಹೀಗೆ. ಟೈಪ್ 2ಕ್ಕೆ ಇವು ಒಳ್ಳೆಯ ಮಾತ್ರೆಗಳೇ. ನಾನೂ ದಿನಾ ಬರೆಯುತ್ತೇನೆ. ಆದರೆ ಟೈಪ್ 1 ಇದ್ದವರಿಗೆ ಇವುಗಳಿಂದ ಕೀಟೋಅಸಿಡೋಸಿಸ್ ಆಗುವ ಅಪಾಯವಿದೆ. ಅಂದರೆ ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನು ಕರಗಿಸಿ, ರಕ್ತ ಹುಳಿಯಾಗುತ್ತದೆ. ಶುಗರ್ 200ರ ಆಸುಪಾಸು ಇದ್ದಾಗಲೂ ಇದು ಆಗಬಹುದು. ಅದಕ್ಕೇ ಮೋಸ ಹೋಗುತ್ತಾರೆ. ಅಂಥ ಮಾತ್ರೆ ಇದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ವಾಂತಿ, ಹೊಟ್ಟೆ ನೋವು, ಏದುಸಿರು, ವಿಪರೀತ ಸುಸ್ತು ಯಾವುದೇ ಬಂದರೂ ನೇರ ಕ್ಯಾಷುವಾಲ್ಟಿಗೆ ಹೋಗಿ, 'ಕೀಟೋನ್ ನೋಡಿ' ಅಂತ ಬಾಯಿಬಿಟ್ಟು ಹೇಳಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಮಳೆಗಾಲದಲ್ಲಿ ನಮ್ಮ ರಸ್ತೆಗಳು ಬೆಳಿಗ್ಗೆಯವರೆಗೆ ಇರುತ್ತವೆ ಅನ್ನೋ ಖಾತ್ರಿ ಇಲ್ಲ, 2018ರ ಭೂಕುಸಿತದಲ್ಲಿ ನೋಡಿದ್ದೀವಲ್ಲ. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಡಬ್ಬಿ ಮನೆಯಲ್ಲಿರಲಿ.

ಕರೆಂಟ್ ಹೋದರೆ ಇನ್ಸುಲಿನ್ ಕೆಡುತ್ತೆ ಅಂತ ಸೂಜಿಗೆ ಹೆದರುವವರೂ ನಮ್ಮಲ್ಲಿ ಇದ್ದಾರೆ. ಉಪಯೋಗಿಸುತ್ತಿರುವ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ಜಿನ ಹೊರಗೆ ತಡೆಯುತ್ತದೆ. ಬಿಸಿಲು, ಒಲೆಯ ಶಾಖ ತಾಗಬಾರದು, ಅಷ್ಟೇ. ನಮ್ಮ ಚಳಿಯಲ್ಲಿ ಅದು ಕಷ್ಟವಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಿಮ್ಮ ಊರಿನ ಡಾಕ್ಟರನ್ನು ನಾನು ಪೂರ್ತಿ ತಪ್ಪು ಅನ್ನುವುದಿಲ್ಲ. 30 ದಾಟಿದವರಿಗೆ ಶುಗರ್ ಬಂದರೆ ಬಹಳಷ್ಟು ಸಲ ಅದು ಟೈಪ್ 2. ತೆಳ್ಳಗಿದ್ದ ಮಾತ್ರಕ್ಕೆ ಟೈಪ್ 1 ಅನ್ನುವಂತಿಲ್ಲ. ನಮ್ಮ ದೇಶದಲ್ಲಿ ತೆಳ್ಳಗಿದ್ದೂ ಟೈಪ್ 2 ಬಂದವರು ಬೇಕಾದಷ್ಟು ಜನ. ಆದರೆ ಅಪ್ಪನಿಗಿತ್ತು, ಅಜ್ಜಿಗಿತ್ತು, ಆದ್ದರಿಂದ ಇವನದೂ ಅದೇ ಅನ್ನುವ ವಾದ ಮಾತ್ರ ಗಟ್ಟಿಯಲ್ಲ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಶುಗರ್ ಇದೆ. ಈಗ ಶುಗರ್ ಇಲ್ಲದ ಒಕ್ಕ (ಮನೆತನ) ಯಾವುದಿದೆ ಹೇಳಿ? ಟೈಪ್ 1 ಬಂದವನ ಅಪ್ಪನಿಗೆ ಟೈಪ್ 2 ಇರುವುದು ಈಗ ವಿಶೇಷವೇ ಅಲ್ಲ.

ಟೈಪ್ 1 ಅಂದರೆ ಮಕ್ಕಳ ಕಾಯಿಲೆ ಅಂತ ನಾವೆಲ್ಲ ಓದಿಕೊಂಡು ಬಂದವರು. ಆ ನಂಬಿಕೆಯನ್ನು ಅಲ್ಲಾಡಿಸಿದ್ದೇ ಜೀನ್ ಲೆಕ್ಕ. ಬ್ರಿಟನ್ನಿನಲ್ಲಿ ಲಕ್ಷಾಂತರ ಜನರ ಜೀನ್ ಮಾಹಿತಿ ಇಟ್ಟುಕೊಂಡ 'ಯುಕೆ ಬಯೋಬ್ಯಾಂಕ್' ಇದೆ. ಅದನ್ನು ಬಳಸಿ ಎಕ್ಸೆಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 60 ವರ್ಷದೊಳಗೆ ಬಂದ ಟೈಪ್ 1ರಲ್ಲಿ ನೂರಕ್ಕೆ 42 ಪ್ರಕರಣ 30 ದಾಟಿದ ಮೇಲೆ ಬಂದವು ಅಂತ ಗೊತ್ತಾಯಿತು. ಆದರೆ ಆ ವಯಸ್ಸಿನಲ್ಲಿ ಟೈಪ್ 2 ಎಷ್ಟು ಜಾಸ್ತಿ ಅಂದರೆ, 31ರಿಂದ 60ರ ನಡುವೆ ಶುಗರ್ ಬಂದ ನೂರು ಜನರಲ್ಲಿ ಟೈಪ್ 1 ಇದ್ದವರು ಬರೀ ನಾಲ್ಕು. ಗುಂಪಿನಲ್ಲಿ ಕಳೆದುಹೋಗುತ್ತಾರೆ. ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ, 30 ದಾಟಿದ ಮೇಲೆ ಟೈಪ್ 1 ಬಂದವರಲ್ಲಿ ನೂರಕ್ಕೆ 38 ಜನರಿಗೆ ಮೊದಲು ಇನ್ಸುಲಿನ್ ಕೊಟ್ಟಿರಲೇ ಇಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ತೆರೇಸಾ ಮೇ ಅವರಿಗೂ ಹೀಗೇ ಆಯಿತು. 2012ರಲ್ಲಿ, ಗೃಹಮಂತ್ರಿಯಾಗಿದ್ದಾಗ, 56ನೇ ವಯಸ್ಸಿನಲ್ಲಿ, ಟೈಪ್ 2 ಅಂತ ಮಾತ್ರೆ ಕೊಟ್ಟರು. ಮಾತ್ರೆ ನಾಟದೆ ಮತ್ತೆ ಪರೀಕ್ಷಿಸಿದಾಗ ಟೈಪ್ 1. ಗೃಹಮಂತ್ರಿಗೇ ಹೀಗಾದರೆ ಪೊನ್ನಂಪೇಟೆಯ ತೋಟದವರಿಗೆ ಆಗುವುದರಲ್ಲಿ ಏನಾಶ್ಚರ್ಯ?

ಜೀನಿನಲ್ಲಿ ನೋಡುವುದಾದರೂ ಏನು? ಟೈಪ್ 1ರಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತವೆ. ತೋಟಕ್ಕೆ ಕಾಡುಹಂದಿ ನುಗ್ಗಿತು ಅಂದುಕೊಂಡು ಕತ್ತಲಲ್ಲಿ ಮನೆಯ ಕರುವಿಗೇ ಗುಂಡು ಹೊಡೆದ ಹಾಗೆ. ಇದು ಹಂದಿ, ಇದು ಕರು ಅಂತ ಗುರುತು ತೋರಿಸುವ ಕೆಲಸ ಎಚ್‌ಎಲ್‌ಎ ಎಂಬ ಜೀನುಗಳದ್ದು. ಆರನೇ ಕ್ರೋಮೋಸೋಮಿನಲ್ಲಿ ಇರುತ್ತವೆ. ಇವು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವು ಥರದವು ಇದ್ದರೆ ಗುರಿ ತಪ್ಪುವ ಸಾಧ್ಯತೆ ಜಾಸ್ತಿ. ಟೈಪ್ 1ಕ್ಕೆ ವಂಶದಿಂದ ಬರುವ ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ಜಾಗದ್ದು. ಉಳಿದರ್ಧ ಬೇರೆ ಹತ್ತಾರು ಕಡೆ ಚೂರುಚೂರಾಗಿ ಹರಡಿದೆ.

ಅಂಕ ಹಾಕುವುದು ಇಲ್ಲೇ. ಅಪಾಯ ಹೆಚ್ಚಿಸುವ ಒಂದೊಂದು ಬದಲಾವಣೆಗೂ ಅದರ ತೂಕಕ್ಕೆ ತಕ್ಕ ಅಂಕ. ದೊಡ್ಡದಕ್ಕೆ ಜಾಸ್ತಿ, ಸಣ್ಣದಕ್ಕೆ ಕಡಿಮೆ. ಎಲ್ಲ ಕೂಡಿದರೆ ಒಂದು ಮೊತ್ತ. 2016ರಲ್ಲಿ ಎಕ್ಸೆಟರಿನವರು ಇಂಥ 30 ಜಾಗ ನೋಡಿ, ಟೈಪ್ 1 ಮತ್ತು ಟೈಪ್ 2 ಬಂದ ಯುವಕರನ್ನು ಬೇರೆ ಮಾಡಿ ತೋರಿಸಿದರು. 2019ರ ಹೊತ್ತಿಗೆ 67 ಜಾಗಗಳ ಲೆಕ್ಕ ಬಂತು. ಇದನ್ನು ಜೆನೆಟಿಕ್ ರಿಸ್ಕ್ ಸ್ಕೋರ್ ಅನ್ನುತ್ತಾರೆ.

ಈ ಅಂಕದ ಒಂದು ಗುಣ ನನಗೆ ತುಂಬಾ ಇಷ್ಟ. ಅದು ಬದಲಾಗುವುದಿಲ್ಲ. ಗ್ಯಾಡ್ ಆಂಟಿಬಾಡಿ, ಅಂದರೆ ಬೀಟಾ ಕೋಶಗಳ ಮೇಲೆ ದಾಳಿ ನಡೆದಿದೆ ಅನ್ನುವುದಕ್ಕೆ ರಕ್ತದಲ್ಲಿ ಸಿಗುವ ಗುರುತು, ವರ್ಷ ಕಳೆದಂತೆ ಕರಗಿ ನೆಗೆಟಿವ್ ಆಗಬಹುದು. ಮೈ ಮಾಡುವ ಇನ್ಸುಲಿನ್ ಅಳೆಯುವ ಸಿ-ಪೆಪ್ಟೈಡ್ ಪರೀಕ್ಷೆ ಇವತ್ತೊಂದು, ಆರು ತಿಂಗಳಿಗೆ ಇನ್ನೊಂದು. ಜೀನ್ ಮಾತ್ರ ಹುಟ್ಟಿದ ದಿನ ನೋಡಿದರೂ ಅಷ್ಟೇ, ಎಪ್ಪತ್ತಕ್ಕೆ ನೋಡಿದರೂ ಅಷ್ಟೇ. ಇಪ್ಪತ್ತು ವರ್ಷದ ಹಿಂದೆ ಶುಗರ್ ಬಂದು, ಹಳೆಯ ಕಾಗದ ಎಲ್ಲಾ ಕಳೆದುಕೊಂಡು ಬರುವವರಿಗೆ ಇದು ವರದಾನ.

ಆದರೆ ಈ ತಕ್ಕಡಿ ತಯಾರಾದದ್ದು ಯುರೋಪಿಯನ್ನರನ್ನು ತೂಗಲು. ನಮಗೆ ನಡೆಯುತ್ತದಾ? 2020ರಲ್ಲಿ ಇದಕ್ಕೆ ಉತ್ತರ ಬಂತು. ಪುಣೆಯ ಕೆಇಎಂ ಆಸ್ಪತ್ರೆ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಎಕ್ಸೆಟರ್ ಸೇರಿ ಮಾಡಿದ ಕೆಲಸ. ಟೈಪ್ 1 ಇದ್ದ 262 ಜನ, ಟೈಪ್ 2 ಇದ್ದ 352 ಜನ, ಕಾಯಿಲೆ ಇಲ್ಲದ 334 ಜನ. ನಡೆಯುತ್ತದೆ, ಆದರೆ ಚೂರು ಕಡಿಮೆ ಅಂತ ತಿಳಿಯಿತು. ಟೈಪ್ 1 ಇರುವ ಒಬ್ಬರನ್ನೂ ಟೈಪ್ 2 ಇರುವ ಒಬ್ಬರನ್ನೂ ಸುಮ್ನೆ ಆರಿಸಿ ಅಕ್ಕಪಕ್ಕ ನಿಲ್ಲಿಸಿ. ನೂರರಲ್ಲಿ 84 ಸಲ ಟೈಪ್ 1ರವರ ಅಂಕವೇ ಮೇಲಿರುತ್ತದೆ. ಯುರೋಪಿನವರಲ್ಲಿ ಇದು 87. ಎಚ್‌ಎಲ್‌ಎ ಭಾಗದಲ್ಲಿ ಭಾರತೀಯರಿಗೂ ಅವರಿಗೂ ವ್ಯತ್ಯಾಸ ಕಂಡಿತು. ನಮ್ಮವರ ಮೇಲೇ ತೂಕ ಮತ್ತೆ ಹೊಂದಿಸಿದರೆ ತಕ್ಕಡಿ ಇನ್ನೂ ಸರಿಯಾಗುತ್ತದೆ. ಪುಣೆಯಲ್ಲಿ ಸರಿಯಾದದ್ದು ಕೊಡಗಿಗೆ ಹಾಗೇ ಕೂರುತ್ತದೆ ಅಂತಲೂ ಇಲ್ಲ. ಕೊಡವರು, ಅರೆಭಾಷೆ ಗೌಡರು, ಯರವರು, ಮಾಪಿಳ್ಳೆಗಳು, ಲೈನ್ ಮನೆಗಳ ತಮಿಳರು, ಅಸ್ಸಾಮಿನವರು. ನಮ್ಮದು ಸಣ್ಣ ಜಿಲ್ಲೆಯಾದರೂ ಒಂದೇ ಬೇರಿನ ಜನ ಅಲ್ಲ.

84 ಅಂದರೆ ಒಳ್ಳೆ ಮಾರ್ಕ್ಸ್ ಅಲ್ವಾ, ಸುಮ್ನೆ ಎಲ್ಲರಿಗೂ ಮಾಡಿಸಬಾರದೇಕೆ ಅನ್ನಿಸಬಹುದು. ಇಲ್ಲಿ ಸ್ವಲ್ಪ ನಿಧಾನಿಸಿ.

ಒಂದು ಮೂಟೆಯಲ್ಲಿ ನೂರು ಕಾಫಿ ಬೀಜ ಇವೆ ಅಂದುಕೊಳ್ಳಿ. 96 ರೊಬಸ್ಟಾ, 4 ಅರೇಬಿಕಾ. ಅರೇಬಿಕಾ ಮಾತ್ರ ಕೆಳಗೆ ಬೀಳುವಂಥ ಒಂದು ಜರಡಿ ಇದೆ, ನೂರಕ್ಕೆ 15 ಸಲ ತಪ್ಪುತ್ತದೆ. ಜರಡಿ ಹಿಡಿದರೆ ಏನಾಗುತ್ತದೆ? ಅರೇಬಿಕಾದಲ್ಲಿ ಮೂರು ಬೀಳುತ್ತವೆ. ಜೊತೆಗೆ ದಾರಿ ತಪ್ಪಿದ ರೊಬಸ್ಟಾ 14 ಬೀಳುತ್ತವೆ. ಕೆಳಗೆ ಬಿದ್ದ 17ರಲ್ಲಿ ನಿಮಗೆ ಬೇಕಾದದ್ದು ಮೂರೇ. ಜರಡಿ ಕೆಟ್ಟದ್ದಲ್ಲ, ಮೂಟೆ ಹಾಗಿದೆ. ಈಗ ಅರ್ಧ ಅರೇಬಿಕಾ, ಅರ್ಧ ರೊಬಸ್ಟಾ ಇರುವ ಮೂಟೆ ತನ್ನಿ. ಅದೇ ಜರಡಿ. ಕೆಳಗೆ ಬಿದ್ದ ಐವತ್ತರಲ್ಲಿ 42ಕ್ಕೂ ಹೆಚ್ಚು ಅರೇಬಿಕಾ.

ಹಾಗಾಗಿ 55 ವರ್ಷದ, ಹೊಟ್ಟೆ ಬಂದ, ಬಿಪಿ ಇರುವ ಮನುಷ್ಯನ ಅಂಕ ಹೆಚ್ಚು ಬಂದರೂ ನಾನು ಟೈಪ್ 1 ಅನ್ನುವುದಿಲ್ಲ. ಅವರು ಮೊದಲ ಮೂಟೆಯವರು. ನಿಮ್ಮ ತಮ್ಮ ಎರಡನೇ ಮೂಟೆಗೆ ಹತ್ತಿರ: 34 ವರ್ಷ, ತೆಳ್ಳಗೆ, ತೂಕ ಇಳಿಕೆ, ಮಾತ್ರೆ ಸೋತಿದೆ, ಗ್ಯಾಡ್ ಚೂರು ಪಾಸಿಟಿವ್. ಅನುಮಾನ ನಿಜವಾಗಿಯೂ ಅರ್ಧರ್ಧ ಇರುವಲ್ಲೇ ಈ ಅಂಕಕ್ಕೆ ಬೆಲೆ.

'ಚೂರು ಪಾಸಿಟಿವ್' ಅನ್ನೋದೇ ನಮಗೆ ದೊಡ್ಡ ತಲೆನೋವು. ಲ್ಯಾಬ್‌ನವರು ಗಡಿ ಹಾಕುವಾಗಲೇ ಆರೋಗ್ಯವಂತರಲ್ಲೂ ನೂರಕ್ಕೆ ಒಬ್ಬಿಬ್ಬರು ಗಡಿ ದಾಟುವ ಹಾಗೆ ಹಾಕಿರುತ್ತಾರೆ. ಆದ್ದರಿಂದ ಸಣ್ಣ ಪಾಸಿಟಿವ್ ನಿಜವೂ ಇರಬಹುದು, ಪೊಳ್ಳೂ ಇರಬಹುದು. ಜೀನ್ ಅಂಕ ಇಲ್ಲಿ ಸಾಕ್ಷಿ ಹೇಳುತ್ತದೆ. ಟೈಪ್ 2 ಅಂತ ಚಿಕಿತ್ಸೆ ಪಡೆಯುತ್ತಿದ್ದ, ಆದರೆ ಗ್ಯಾಡ್ ಪಾಸಿಟಿವ್ ಇದ್ದವರನ್ನು ಸ್ಕಾಟ್ಲೆಂಡಿನಲ್ಲಿ ನೋಡಿದರು. 2019ರಲ್ಲಿ ಪ್ರಕಟವಾಯಿತು. ಟೈಪ್ 1 ಅಂಕ ಹೆಚ್ಚಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಐದು ವರ್ಷದೊಳಗೆ ಇನ್ಸುಲಿನ್ ಬೇಕಾಯಿತು. ಅಂಕ ಕಡಿಮೆ ಇದ್ದವರಲ್ಲಿ ಆರರಲ್ಲಿ ಒಬ್ಬರಿಗೆ ಮಾತ್ರ. ಪಾಸಿಟಿವ್ ಅಂತ ಬರೆದ ಕಾಗದ ಇಬ್ಬರ ಕೈಯಲ್ಲೂ ಇತ್ತು.

ಹಾಗಾದರೆ ಆ ಎಂಜಲಿನ ಕಿಟ್ ತರಿಸೋಣವಾ? ಬೇಡ. ಮೊಬೈಲಿನಲ್ಲಿ ಜಾಹೀರಾತು ಬರುವ ಕಿಟ್‌ಗಳು ಹೆಚ್ಚಾಗಿ ಹೇಳುವುದು 'ನಿಮಗೆ ಮುಂದೆ ಶುಗರ್ ಬರುವ ಸಾಧ್ಯತೆ' ಬಗ್ಗೆ, ಅದೂ ಟೈಪ್ 2ರದ್ದು. ತಮ್ಮನಿಗೆ ಈಗಾಗಲೇ ಬಂದಾಗಿದೆ! ಟೈಪ್ 1 ಅಂಕ ಬೇರೆಯೇ ಲೆಕ್ಕ. ಅದು ಇನ್ನೂ ಮುಖ್ಯವಾಗಿ ಸಂಶೋಧನೆಯಲ್ಲೇ ಬಳಕೆಯಲ್ಲಿದೆ, ನಮ್ಮ ಪೇಟೆಯ ಲ್ಯಾಬ್‌ನ ಪಟ್ಟಿಯಲ್ಲಿ ಹುಡುಕಬೇಡಿ. ಮೂರನೆಯದು ಮೋಡಿ ಪರೀಕ್ಷೆ. ಮಾಟ-ಮೋಡಿಯ ಮೋಡಿ ಅಲ್ಲ, ಒಂದೇ ಒಂದು ಜೀನ್ ಕೆಟ್ಟು ಬರುವ ಶುಗರ್. ಇದು ಸಾಮಾನ್ಯವಾಗಿ ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸುತ್ತದೆ. ಅಪ್ಪ ಅಥವಾ ಅಮ್ಮನಿಗೂ ಚಿಕ್ಕ ವಯಸ್ಸಿಗೇ ಬಂದಿರುತ್ತದೆ. ಕೆಲವು ಮೋಡಿಗೆ ಸಲ್ಫೋನೈಲ್‌ಯೂರಿಯಾ ಎಂಬ ಅಗ್ಗದ ಹಳೆ ಮಾತ್ರೆಯೇ ಸಾಕು. ಇನ್ನೊಂದಕ್ಕೆ, ಜಿಸಿಕೆ ಅನ್ನೋದಕ್ಕೆ, ಬಸುರಿ ಅಲ್ಲದಿದ್ದರೆ ಔಷಧವೇ ಬೇಡ. ನಿಮ್ಮ ಮನೆಯಲ್ಲಿ ಅಪ್ಪನಿಗೂ ಅಜ್ಜಿಗೂ ಬಂದದ್ದು ವಯಸ್ಸಾದ ಮೇಲೆ. ಜೊತೆಗೆ ಗ್ಯಾಡ್ ಪಾಸಿಟಿವ್. ನಾನಾದರೆ ಮೋಡಿಗೆ ದುಡ್ಡು ಹಾಕುವುದಿಲ್ಲ.

ಯಾವ ಅಂಕವೂ ಹಿಡಿಯದ ಇನ್ನೊಂದು ಕಾಯಿಲೆ ಇದೆ. ನಮ್ಮ ಗಡಿಯಾಚೆ ಕೇರಳದಲ್ಲಿ ಮೊದಲಿಂದ ಕಂಡದ್ದು: ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿ, ಗ್ರಂಥಿ ಸವೆದು ಬರುವ ಶುಗರ್. ಇಂಥವರೂ ತೆಳ್ಳಗಿರುತ್ತಾರೆ, ತೂಕ ಇಳಿಯುತ್ತದೆ, ಇನ್ಸುಲಿನ್ ಬೇಕಾಗುತ್ತದೆ. ಟೈಪ್ 1 ಅಂಕ ಕಡಿಮೆ ಬಂತು ಅಂತ ಇವರನ್ನು ಟೈಪ್ 2 ಅಂದುಬಿಟ್ಟರೆ ಎಡವಟ್ಟು. ಕಡಿಮೆ ಅಂಕ ಅಂದರೆ 'ಟೈಪ್ 1 ಇರಲಾರದು' ಅಂತ ಅಷ್ಟೇ ಅರ್ಥ. ತಮ್ಮನಿಗೆ ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ನೋವು ಬರುತ್ತಿತ್ತಾ, ಮಲ ಎಣ್ಣೆಎಣ್ಣೆಯಾಗಿ ತೇಲುತ್ತಾ ಕೇಳಿ. ಕುಡಿತ ಎಷ್ಟಿದೆ ಅಂತಲೂ ಕೇಳಿ. ಮದುವೆ, ಕೈಲ್‌ಪೊಳ್ದ್ ಹಬ್ಬ ಅಂತ ನಮ್ಮಲ್ಲಿ ಗ್ಲಾಸ್ ಲೆಕ್ಕ ಇಡುವವರು ಕಡಿಮೆ, ಡಾಕ್ಟರ ಹತ್ತಿರ ನಿಜ ಹೇಳುವವರು ಇನ್ನೂ ಕಡಿಮೆ. ವರ್ಷಗಟ್ಟಲೆ ಜಾಸ್ತಿ ಕುಡಿದರೂ ಆ ಗ್ರಂಥಿ ಹಾಳಾಗುತ್ತದೆ. ಅನುಮಾನವಿದ್ದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ.

ಜೀನಿಗಿಂತ ಮೊದಲು ಮಾಡಿಸಬೇಕಾದದ್ದು ಇಷ್ಟು. ಗ್ಯಾಡ್ ಇನ್ನೊಮ್ಮೆ, ಜೊತೆಗೆ ಐಎ-2 ಮತ್ತು ಜಿಂಕ್ ಟ್ರಾನ್ಸ್‌ಪೋರ್ಟರ್-8 ಆಂಟಿಬಾಡಿ. ಎರಡು ಪಾಸಿಟಿವ್ ಬಂದರೆ ವಾದ ಬಹುತೇಕ ಮುಗಿಯಿತು, ಜೀನ್ ಬೇಕಿಲ್ಲ. ಎಲ್ಲ ನೆಗೆಟಿವ್ ಬಂದರೂ ಪೂರ್ತಿ ಬಿಡುವಂತಿಲ್ಲ. ದೊಡ್ಡವರಾದ ಮೇಲೆ ಟೈಪ್ 1 ಬಂದವರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಆಂಟಿಬಾಡಿ ಸಿಗುವುದೇ ಇಲ್ಲ.

ಆಮೇಲೆ ಸಿ-ಪೆಪ್ಟೈಡ್. ಮೈ ತಾನೇ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಇದು ಹೇಳುತ್ತದೆ. ಊಟವಾಗಿ ಐದು ಗಂಟೆಯೊಳಗೆ ರಕ್ತ ಕೊಟ್ಟು, ಅದೇ ಸೂಜಿಯಲ್ಲಿ ಗ್ಲೂಕೋಸ್ ಕೂಡ ಅಳೆಯಲಿ. 0.6 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಟೈಪ್ 1ರ ಕಡೆ, 1.8ಕ್ಕಿಂತ ಮೇಲೆ ಬಂದರೆ ಟೈಪ್ 2ರ ಕಡೆ. ನಡುವೆ ಬಂದರೆ ಕಾದು ನೋಡಬೇಕು. ಒಂದು ಎಚ್ಚರಿಕೆ: ಶುಗರ್ ವಿಪರೀತ ಏರಿದ್ದಾಗ ಬೀಟಾ ಕೋಶಗಳು ಸುಸ್ತಾಗಿ ಲೆಕ್ಕ ಕಡಿಮೆ ತೋರಿಸುತ್ತವೆ. ಇನ್ಸುಲಿನ್ ಶುರುವಾಗಿ ಕೆಲವು ವಾರ ಕಳೆದ ಮೇಲೆ ಮಾಡಿಸಿ. ಟೈಪ್ 1 ಬಂದ ಹೊಸದರಲ್ಲಿ ಲೆಕ್ಕ ಚೆನ್ನಾಗಿಯೇ ಇರುವುದೂ ಉಂಟು. ಹಾಗಾಗಿ ವರ್ಷಕ್ಕೊಮ್ಮೆ ಮತ್ತೆ ನೋಡುವುದು ಒಳ್ಳೆಯದು. ಮೂರು ವರ್ಷ ದಾಟಿದ ಮೇಲೆ ಅದರ ಮಾತು ನಂಬಬಹುದು. ಇಷ್ಟೆಲ್ಲ ಆಗಿಯೂ ಬಗೆಹರಿಯದಿದ್ದರೆ, ಆಗ ಯಾವುದಾದರೂ ಸಂಶೋಧನಾ ಕೇಂದ್ರದಲ್ಲಿ ಟೈಪ್ 1 ಅಂಕ ನೋಡಿಸುವುದಕ್ಕೆ ಅರ್ಥವಿದೆ.

ಇನ್ನು ಮಗು. ತಮ್ಮನಿಗೆ ಟೈಪ್ 1 ಅಂತಲೇ ಆದರೂ, ಯುರೋಪ್-ಅಮೆರಿಕದ ಲೆಕ್ಕದ ಪ್ರಕಾರ ಅಪ್ಪನಿಗೆ ಟೈಪ್ 1 ಇದ್ದ ನೂರು ಮಕ್ಕಳಲ್ಲಿ ಸುಮಾರು ಆರು ಮಕ್ಕಳಿಗೆ ಬರುತ್ತದೆ. ತೊಂಬತ್ತನಾಲ್ಕು ಮಕ್ಕಳಿಗೆ ಬರುವುದಿಲ್ಲ. ತಮಾಷೆ ಅಂದರೆ, ವಂಶದಿಂದ ಹೆಚ್ಚು ಗಟ್ಟಿಯಾಗಿ ಹರಿಯುವುದು ನಾವು ಹಗುರವಾಗಿ ನೋಡುವ ಟೈಪ್ 2. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಜೀವಮಾನದಲ್ಲಿ ನೂರಕ್ಕೆ 40ರಷ್ಟು ಸಾಧ್ಯತೆ ಅನ್ನುತ್ತಾರೆ. ಆರು ವರ್ಷದ ಮಗುವಿನ ಎಂಜಲು ಈಗ ಎಲ್ಲಿಗೂ ಕಳಿಸಬೇಡಿ. ಅಂಕ ಹೆಚ್ಚಿದ್ದವರಲ್ಲೂ ಬಹಳಷ್ಟು ಜನಕ್ಕೆ ಟೈಪ್ 1 ಬರುವುದೇ ಇಲ್ಲ. ಆ ಕಾಗದ ಮನೆಗೆ ಬಂದರೆ ತಾಯಿಗೆ ನಿದ್ದೆ ಹೋಗುತ್ತದೆ, ಅಷ್ಟೇ. ಬದಲಿಗೆ ಇದನ್ನು ನೆನಪಿಡಿ: ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಶಾಲೆಗೆ ಒಯ್ದ ನೀರಿನ ಬಾಟಲಿ ಸಾಲದೆ ಹೋದರೆ, ಬಟ್ಟೆ ಸಡಿಲವಾದರೆ, ಅಪ್ಪನ ಗ್ಲೂಕೋಮೀಟರಿನಲ್ಲೇ ಒಮ್ಮೆ ಬೆರಳು ಚುಚ್ಚಿ ನೋಡಿ. 200ರ ಮೇಲೆ ಬಂದರೆ ಅವತ್ತೇ ಆಸ್ಪತ್ರೆಗೆ.

ಅಮ್ಮನಿಗೆ ಹೇಳಿ, ಬೆಲ್ಲವೂ ಸಕ್ಕರೆಯೇ. ಬೆಲ್ಲ ಕಾಫಿ ಕುಡಿದೇ ಬೆಳೆದವನು ನಾನು, ಹೇಳುವುದಕ್ಕೆ ನನಗೂ ಕಷ್ಟ. ದಿನಾ ಬೆಳಿಗ್ಗೆ ಬೇಡ. ಇನ್ಸುಲಿನ್ ಶುರುವಾಗಿ, ಊಟದ ಎಷ್ಟು ಹಿಟ್ಟು-ಸಕ್ಕರೆ ಅಂಶಕ್ಕೆ ಎಷ್ಟು ಯೂನಿಟ್ ಇನ್ಸುಲಿನ್ ಅಂತ ಲೆಕ್ಕ ಹಾಕುವುದನ್ನು ಅವನು ಕಲಿತ ಮೇಲೆ, ಮುಂದಿನ ಪುತ್ತರಿಗೆ ಕಡುಬಿನ ಜೊತೆ ಒಂದು ಲೋಟಕ್ಕೆ ನನ್ನ ಒಪ್ಪಿಗೆ ಇದೆ. ಲೋಟ ಚಿಕ್ಕದಿರಲಿ.